ಉಯಿಲಿನಲ್ಲಿ ದತ್ತಿ: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ಕಾಲಾನಂತರ ಆಸ್ತಿಯ ಒಂದು ಭಾಗ ಅಂಧ ಮಕ್ಕಳ ಶಾಲೆಯೊಂದಕ್ಕೆ ಸಲ್ಲಬೇಕೆಂಬುದು ನಿಮ್ಮ ಇಚ್ಛೆಯೆಂದೂ, ಅದಕ್ಕೆ ಉಯಿಲು ಸಾಕೇ, ಬದುಕಿರುವಾಗಲೇ ಟ್ರಸ್ಟ್ ಮಾಡಬೇಕೇ ಎಂಬುದು ತೋಚದೆ, ಸ್ವಂತ ಮಕ್ಕಳಿಗೆ ಅನ್ಯಾಯವಾದೀತೆಂಬ ಅಳುಕಿನಿಂದ ಎರಡು ವರ್ಷ ಸುಮ್ಮನಿದ್ದಿರೆಂದೂ ಬರೆದಿದ್ದೀರಿ. ಆ ಅಳುಕನ್ನು ಬಹುಮಟ್ಟಿಗೆ ಉಯಿಲಿನ ಒಕ್ಕಣೆಯಿಂದಲೇ ನಿವಾರಿಸಬಹುದು.

ಶಾಲೆಗೆ ಇಂತಿಷ್ಟು ಹಣವೆಂದು ನಿಗದಿತ ಮೊತ್ತವನ್ನು ಬರೆಯಬೇಡಿ ಎಂಬುದು ನನ್ನ ಮೊದಲ ಸಲಹೆ. ಉಯಿಲು ಜಾರಿಯಾಗುವಾಗ ಸಾಮಾನ್ಯವಾಗಿ ಮೊದಲು ಸಾಲ, ತೆರಿಗೆ, ಅಂತ್ಯಕ್ರಿಯೆಯ ವೆಚ್ಚಗಳು ತೀರುತ್ತವೆ. ಅನಂತರ ಹೆಸರಿಸಿ ಕೊಟ್ಟ ವಸ್ತುಗಳೂ ಮೊತ್ತಗಳೂ ಸಲ್ಲುತ್ತವೆ. ಮಿಕ್ಕದ್ದು ಉಳಿಕೆ ಆಸ್ತಿ. ಬರೆದ ದಿನಕ್ಕೂ ಜಾರಿಯಾಗುವ ದಿನಕ್ಕೂ ನಡುವೆ 20 ವರ್ಷ ಸರಿದಿರಬಹುದು, ದೀರ್ಘ ಕಾಯಿಲೆಯೊಂದು ಉಳಿತಾಯವನ್ನು ಕರಗಿಸಿರಬಹುದು. ಆಗ ನಿಗದಿತ ಮೊತ್ತ ಪೂರ್ತಿಯಾಗಿ ಶಾಲೆಗೆ ಸಂದು, ಮಕ್ಕಳಿಗೆ ಅಲ್ಪಸ್ವಲ್ಪವಷ್ಟೇ ಉಳಿದೀತು. ಬೆಲೆಗಳು ಏರಿದ್ದರೆ ಅದೇ ಮೊತ್ತ ಶಾಲೆಗೆ ಯಾವುದಕ್ಕೂ ಸಾಲದಾದೀತು. ಉಳಿಕೆ ಆಸ್ತಿಯ ಹತ್ತರಲ್ಲೊಂದು ಪಾಲು ಎಂದು ಬರೆದರೆ, ಆಸ್ತಿ ಹಿಗ್ಗಿದರೂ ಕುಗ್ಗಿದರೂ ಎರಡು ಕಡೆಗೂ ಅದೇ ಪ್ರಮಾಣದಲ್ಲಿ ಸಲ್ಲುತ್ತದೆ. ಮಕ್ಕಳಿಗೆ ಕಡ್ಡಾಯ ಪಾಲನ್ನು ಕಾದಿರಿಸುವ ಕಾನೂನು ಫ್ರಾನ್ಸ್‌ನಂಥ ಕೆಲವು ದೇಶಗಳಲ್ಲಿದೆ. ಆದ್ದರಿಂದ ನಿಮಗೆ ಅನ್ವಯಿಸುವ ಕಾನೂನನ್ನು ವಕೀಲರಿಂದ ಕೇಳಿ ತಿಳಿದ ಮೇಲೆಯೇ ಪಾಲನ್ನು ಗೊತ್ತುಮಾಡಿ.

ನೀವು ವಿವರಿಸಿದ ಒಂದು ಮನೆ, ಕೆಲವು ಠೇವಣಿಗಳಿಗೆ ಉಯಿಲೇ ಸಾಕೆಂದು ನನಗೆ ತೋರುತ್ತದೆ. ಬದುಕಿರುವಾಗಲೇ ಮಾಡುವ, ಬೇಕೆಂದಾಗ ರದ್ದುಪಡಿಸಬಹುದಾದ ಟ್ರಸ್ಟ್‌ಗೆ ಅದರದೇ ಅನುಕೂಲಗಳಿವೆ: ಬದುಕಿರುವವರೆಗೆ ಹಿಡಿತ ನಿಮ್ಮಲ್ಲೇ ಇರುತ್ತದೆ, ನೀವು ಅಶಕ್ತರಾದರೆ ಮುಂದಿನ ಟ್ರಸ್ಟಿ ವ್ಯವಹಾರ ನೋಡಿಕೊಳ್ಳುತ್ತಾರೆ, ಪ್ರೊಬೇಟ್‌ಗಾಗಿ, ಅಂದರೆ ಉಯಿಲು ನಿಜವಾದದ್ದೆಂಬ ದೃಢೀಕರಣಕ್ಕಾಗಿ, ನ್ಯಾಯಾಲಯದಲ್ಲಿ ಕಾಯಬೇಕಾದಲ್ಲಿ ಆ ಕಾಯುವಿಕೆ ತಪ್ಪುತ್ತದೆ. ಆದರೆ ಅದರ ಹೆಸರಿಗೆ ವರ್ಗಾಯಿಸಿದ ಆಸ್ತಿಗೆ ಮಾತ್ರ ಅದು ಅನ್ವಯ. ಟ್ರಸ್ಟ್ ಪತ್ರಕ್ಕೆ ಸಹಿ ಹಾಕಿ ಆಸ್ತಿಯ ವರ್ಗಾವಣೆಯನ್ನೇ ಮರೆಯುವವರು ಬಹಳ. ಅಂಥ ಟ್ರಸ್ಟ್ ಬರಿಯ ಕಾಗದ.

ಎರಡಕ್ಕಿಂತಲೂ ನನಗೆ ಮುಖ್ಯವೆನಿಸುವುದು ಫಲಾನುಭವಿಯ ಹೆಸರು. ಆಲ್ಫ್ರೆಡ್ ನೊಬೆಲ್ 1895ರ ನವೆಂಬರ್ 27ರಂದು ವಕೀಲರ ನೆರವಿಲ್ಲದೆ ಬರೆದ ಉಯಿಲು, ಬಹುಮಾನಗಳಿಗಾಗಿ ಇನ್ನೂ ಹುಟ್ಟದಿದ್ದ ನಿಧಿಯೊಂದಕ್ಕೆ ಆಸ್ತಿಯ ಬಹುಭಾಗವನ್ನು ಬಿಟ್ಟಿತ್ತು. ಬಹುಮಾನ ನೀಡಬೇಕಾದ ಸಂಸ್ಥೆಗಳನ್ನು ಅವರು ಮೊದಲು ಕೇಳಿಯೂ ಇರಲಿಲ್ಲ. 1896ರಲ್ಲಿ ಅವರು ತೀರಿಕೊಂಡ ಮೇಲೆ ಬಂಧುಗಳಲ್ಲಿ ಕೆಲವರು ವಿರೋಧಿಸಿದರು, ಆ ನಿಧಿಯನ್ನು ನೋಡಿಕೊಳ್ಳುವ ನೊಬೆಲ್ ಪ್ರತಿಷ್ಠಾನ ಸ್ಥಾಪನೆಯಾದದ್ದು 1900ರಲ್ಲಿ. ಬ್ರಿಟಿಷ್ ವಿಜ್ಞಾನಿ ಜೇಮ್ಸ್ ಸ್ಮಿತ್‌ಸನ್ 1826ರ ಉಯಿಲಿನಲ್ಲಿ ಸೋದರನ ಮಗನಿಗೆ ಆಸ್ತಿ ಬರೆದು, ಅವನು ಸಂತಾನವಿಲ್ಲದೆ ಸತ್ತರೆ ಜ್ಞಾನಪ್ರಸಾರದ ಸಂಸ್ಥೆಯೊಂದಕ್ಕಾಗಿ ಅಮೆರಿಕಕ್ಕೆ ಸೇರಲೆಂದು ಸೇರಿಸಿದ್ದರು. ಆ ಒಂದು ವಾಕ್ಯದಿಂದಲೇ 1846ರಲ್ಲಿ ಸ್ಮಿತ್‌ಸೋನಿಯನ್ ಸಂಸ್ಥೆ ಹುಟ್ಟಿತು. ನೀವೂ ಶಾಲೆಯ ನೋಂದಾಯಿತ ಹೆಸರು, ವಿಳಾಸ, ನೋಂದಣಿ ಸಂಖ್ಯೆಗಳನ್ನು ಅವರನ್ನೇ ಕೇಳಿ ಬರೆಯಿರಿ. ಶಾಲೆ ಅಷ್ಟರಲ್ಲಿ ಮುಚ್ಚಿದ್ದರೆ ಅದೇ ಕೆಲಸ ಮಾಡುವ ಎರಡನೆಯ ಸಂಸ್ಥೆಯನ್ನೂ ಹೆಸರಿಸಿರಿ. ಹಣವನ್ನು ಬ್ರೈಲ್ ಪುಸ್ತಕಗಳಿಗೇ ಬಳಸಬೇಕೆಂಬ ನಿಮ್ಮ ಷರತ್ತನ್ನು ಅಪೇಕ್ಷೆಯೆಂದು ಬರೆದರೆ ಸಾಕು, ಮುಂದೆ ಆ ಮಕ್ಕಳಿಗೆ ಏನು ಬೇಕಾದೀತೆಂದು ಶಾಲೆಯವರೇ ಬಲ್ಲರು.

ಉಯಿಲಿನಿಂದ ಲಾಭ ಪಡೆಯುವವರನ್ನು ಸಾಕ್ಷಿಗಳಾಗಿ ಕರೆಯಬೇಡಿ. ಮಕ್ಕಳೊಡನೆ ಈಗಲೇ ಕುಳಿತು ಮಾತನಾಡಿ. ತಂದೆಯ ಬಾಯಿಂದಲೇ ಕಾರಣ ಕೇಳಿದ ಮಕ್ಕಳು ತಕರಾರಿಗೆ ನಿಲ್ಲುವುದು ಕಡಿಮೆ.

— ಸಂಪಾದಕ