ಹತ್ತೊಂಬತ್ತನೆಯ ಪುಟದ ಹಿಟ್ಟು

ಡೊಂಬಿವಲಿಯ ಓದುಗರೊಬ್ಬರ ಬಾಹ್ಯಾಕಾಶ ಕಾದಂಬರಿಯನ್ನು ಅಚ್ಚು ಹಾಕಲಾಗದು ಎಂದು ಕಳೆದ ತಿಂಗಳು ನಾವು ತಿಳಿಸಿದ್ದೆವು. ಅದಕ್ಕೆ ಅವರು ಬರೆದ ಪತ್ರದ ಒಂದು ಭಾಗ ಹೀಗಿದೆ:

“ಐನ್‌ಸ್ಟೈನರ ಹುಳುರಂಧ್ರವನ್ನು ಯಾರೂ ಕಂಡಿಲ್ಲ. ಆದರೂ ಅದು ನಿಮಗೆ ವಿಜ್ಞಾನ. ಭರದ್ವಾಜ ಮಹರ್ಷಿಗಳ ವಿಮಾನ ಮಾತ್ರ ನಿಮ್ಮ ಕೆಂಪು ಪೆನ್ಸಿಲಿಗೆ ಬಲಿ. ಇದು ಸಂಪಾದನೆಯೋ, ಗುಲಾಮಿ ಬುದ್ಧಿಯೋ? ನನ್ನ ಪತ್ರವನ್ನು ಅಚ್ಚು ಹಾಕಿ ಉತ್ತರ ಕೊಡುವ ಧೈರ್ಯ ನಿಮಗಿದೆಯೇ? ಹೆಸರು ಮಾತ್ರ ಹಾಕಬೇಡಿ. ಮಗಳ ಮನೆಯಲ್ಲಿದ್ದೇನೆ, ಅಳಿಯ ನಗುತ್ತಾನೆ.”

ಮಾನ್ಯರೇ,

ಧೈರ್ಯದ ಮಾತು ಆಮೇಲೆ. ಮೊದಲು ಕ್ಷಮೆ ಕೇಳಬೇಕು. ನಿಮ್ಮ ಹಸ್ತಪ್ರತಿ ನಮ್ಮಲ್ಲಿ ಏಳು ತಿಂಗಳು ಕೂತಿತ್ತು. ಜುಲೈ ತಿಂಗಳಲ್ಲಿ ಮಾಟುಂಗಾದ ನಮ್ಮ ಕಚೇರಿಯ ಕಿಟಕಿಯನ್ನು ರಾತ್ರಿ ಮುಚ್ಚಲು ಮರೆತವನು ನಾನೇ. ಬೆಳಿಗ್ಗೆ ಬಂದು ನೋಡಿದರೆ ಮೂವತ್ತಮೂರರಿಂದ ಮೂವತ್ತಾರರವರೆಗಿನ ಪುಟಗಳ ಶಾಯಿ ಹರಡಿ ನೀಲಿ ಮೋಡವಾಗಿತ್ತು. ಆಕ್ರಮಣಕಾರರ ಮೊದಲ ದಾಳಿ ಆ ಪುಟಗಳಲ್ಲೇ ಇದ್ದುದರಿಂದ, ಅವರು ಯಾವ ಆಯುಧದಿಂದ ಹೊಡೆದರು ಎಂಬುದು ನನಗೆ ಈಗಲೂ ತಿಳಿಯದು. ಫ್ಯಾನಿನ ಕೆಳಗೆ ಒಣಗಿಸಿ ಜೋಡಿಸಿಟ್ಟಿದ್ದೇನೆ.

ಉಳಿದ ಓದುಗರಿಗಾಗಿ ಕಥೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಭೂಮಿಯ ಸಮುದ್ರಗಳನ್ನು ಹೀರಿಕೊಂಡು ಹೋಗಲು ಯಾರೋ ಬಂದಿದ್ದಾರೆ. ಆರು ಮಂದಿಯ ಒಂದು ನೌಕೆ ಶನಿಗ್ರಹದ ಆಚೆಯ ವರ್ಮ್‌ಹೋಲಿನ (ಪತ್ರದ ಹುಳುರಂಧ್ರ ಇದೇ, ದೂರದ ಎರಡು ಜಾಗಗಳನ್ನು ಕೂಡಿಸುವ ಒಳದಾರಿ) ಮೂಲಕ ಅವರ ಬೆನ್ನ ಹಿಂದೆ ಹೋಗಿ ಎರಗಬೇಕು. ಕ್ಯಾಪ್ಟನ್ ಸುಮತಿಯ ಅಜ್ಜಿಯ ಪೆಟ್ಟಿಗೆಯಲ್ಲಿ ತಾಳೆಗರಿಯ ಕಟ್ಟೊಂದು ಇದೆ. ನಲವತ್ತೊಂದನೆಯ ಪುಟದಲ್ಲಿ ಸುಮತಿ ಅದನ್ನು ಬಿಚ್ಚುತ್ತಾಳೆ. ಭರದ್ವಾಜರ ವಿಮಾನದ ಪಾದರಸದ ಯಂತ್ರವೊಂದು ಸಿಗುತ್ತದೆ. ನಲವತ್ತೆರಡನೆಯ ಪುಟದಲ್ಲಿ ಶತ್ರುಗಳೆಲ್ಲ ಬೂದಿ. ನಲವತ್ತಮೂರರಲ್ಲಿ ಸನ್ಮಾನ ಸಮಾರಂಭ.

ನೀವು ಹೇಳಿದ್ದು ಸರಿ, ವರ್ಮ್‌ಹೋಲನ್ನು ಯಾರೂ ಕಂಡಿಲ್ಲ. ಇದ್ದರೂ ಇರಬಹುದು, ಇಲ್ಲದಿರಲೂಬಹುದು. ಆದರೆ ಅದರ ಲೆಕ್ಕ ನಡೆದು ಬಂದ ದಾರಿಯನ್ನು ಸ್ವಲ್ಪ ನೋಡಿ. 1935ರಲ್ಲಿ ಐನ್‌ಸ್ಟೈನ್ ಮತ್ತು ರೋಸೆನ್ ತಮ್ಮ ಸಮೀಕರಣಗಳಲ್ಲಿ ಎರಡು ಜಾಗಗಳನ್ನು ಕೂಡಿಸುವ ಸೇತುವೆಯೊಂದನ್ನು ಕಂಡರು. 1957ರಲ್ಲಿ ಅಂಥದಕ್ಕೆ ವರ್ಮ್‌ಹೋಲ್ ಎಂದು ಹೆಸರಿಟ್ಟವರು ಭೌತವಿಜ್ಞಾನಿ ಜಾನ್ ವ್ಹೀಲರ್. ಅದೇ ವ್ಹೀಲರ್ 1962ರಲ್ಲಿ ಫುಲ್ಲರ್ ಜೊತೆ ಕೂತು ಲೆಕ್ಕ ಹಾಕಿ, ಈ ಸೇತುವೆ ಎಷ್ಟು ಬೇಗ ಮುಚ್ಚಿಕೊಳ್ಳುತ್ತದೆಂದರೆ ಬೆಳಕಿನ ಕಿರಣವೂ ಅದರೊಳಗೆ ತೂರಿ ಆಚೆ ಹೊರಡಲಾರದು ಎಂದು ತೋರಿಸಿದರು. ತಾವೇ ನಾಮಕರಣ ಮಾಡಿದ ಕೂಸಿನ ಜಾತಕದಲ್ಲಿ ಅಲ್ಪಾಯುಷ್ಯವಿದೆ ಎಂದು ತಾವೇ ಬರೆದುಕೊಟ್ಟರು. ನನಗೆ ಹಿಡಿಸಿದ್ದು ಈ ಗುಣ.

ಹುಳುರಂಧ್ರ ಎಂಬ ನಿಮ್ಮ ಪದ ಅರ್ಥಕ್ಕೆ ಸರಿಯಾಗಿದ್ದರೂ ಕಿವಿಗೆ ಹಲ್ಲುನೋವಿನಂತೆ ಕೇಳಿಸುತ್ತದೆ. ಮುಂಬಯಿ ಕನ್ನಡಿಗರಿಗೆ ಸುರಂಗ ಎಂದರೆ ಸಾಕು. ನಮ್ಮಲ್ಲಿ ಬಹುಮಂದಿ ಕೊಂಕಣ ರೈಲಿನಲ್ಲಿ ಊರಿಗೆ ಹೋಗಿ ಬರುವವರೇ. ರತ್ನಾಗಿರಿಯ ಹತ್ತಿರ ಕರ್ಬುಡೆ ಸುರಂಗ ಆರೂವರೆ ಕಿಲೋಮೀಟರ್ ಇದೆ. ಒಳಹೊಕ್ಕ ಕೂಡಲೇ ಕಿವಿ ಗುಂಯ್ ಎನ್ನುತ್ತದೆ, ಮೊಬೈಲ್ ಸತ್ತುಹೋಗುತ್ತದೆ, ಎದುರು ಸೀಟಿನ ಮಗು ಅಳು ನಿಲ್ಲಿಸಿ ಕಿಟಕಿಯಲ್ಲಿ ತನ್ನದೇ ಮುಖ ನೋಡುತ್ತದೆ. ಗುಡ್ಡ ಹತ್ತಿ ಇಳಿಯುವ ಬದಲು ಗುಡ್ಡದೊಳಗೆ ಹೋಗುತ್ತಿದ್ದೇವೆ, ಅಷ್ಟೆ. ವರ್ಮ್‌ಹೋಲಿನ ಆಸೆಯೂ ಇದೇ.

ಆದರೆ ಗೋವಾದ ಪೆಡ್ನೆ ಸುರಂಗವನ್ನೂ ನೆನೆಯಿರಿ. ಉದ್ದ ಹೆಚ್ಚೇನಿಲ್ಲ, ಒಂದೂವರೆ ಕಿಲೋಮೀಟರಿನ ಆಸುಪಾಸು. ಒಳಗಿನ ಮಣ್ಣು ಮೆದು. ಕೊರೆದಷ್ಟೂ ಕುಸಿಯಿತು, ಮತ್ತೆ ಮತ್ತೆ ಕುಸಿಯಿತು. 1998ರಲ್ಲಿ ಇಡೀ ಮಾರ್ಗ ತೆರೆಯುವುದು ತಡವಾಗಲು ಅದೂ ಒಂದು ಕಾರಣ. 2024ರ ಜುಲೈನಲ್ಲಿ ಅದರೊಳಗೆ ನೀರು ಉಕ್ಕಿ ಮತ್ತೆ ರೈಲುಗಳು ನಿಂತವು. ಕೊರೆಯುವುದು ಒಂದು ಕೆಲಸ, ಕೊರೆದದ್ದನ್ನು ಬಾಯಿ ಮುಚ್ಚದಂತೆ ಹಿಡಿದು ನಿಲ್ಲಿಸುವುದು ಬೇರೆಯೇ ಕೆಲಸ. 1988ರಲ್ಲಿ ಮೋರಿಸ್ ಮತ್ತು ಥಾರ್ನ್ ಹೇಳಿದ್ದೂ ಹೆಚ್ಚುಕಡಿಮೆ ಇದನ್ನೇ. ವರ್ಮ್‌ಹೋಲಿನ ಗಂಟಲು ತೆರೆದೇ ಇರಬೇಕಾದರೆ ಋಣ ಶಕ್ತಿಯ, ಎಂದರೆ ಸೊನ್ನೆಗಿಂತ ಕಡಿಮೆ ಶಕ್ತಿಯ, ವಿಚಿತ್ರ ದ್ರವ್ಯವೊಂದನ್ನು ಅದಕ್ಕೆ ಊರುಗೋಲಾಗಿ ಕೊಡಬೇಕು. ಗುರುತ್ವ ಎಳೆಯುತ್ತದೆ, ಇದು ತಳ್ಳಬೇಕು. ನೌಕೆಯೊಂದು ದಾಟುವಷ್ಟು ಪ್ರಮಾಣದಲ್ಲಿ ಅಂಥ ದ್ರವ್ಯ ಯಾರ ಕೈಯಲ್ಲೂ ಇಲ್ಲ. ನಿಮ್ಮ ಕಾದಂಬರಿಯಲ್ಲಿ ಆ ಗಂಟಲು ಒಂದು ಶ್ಲೋಕಕ್ಕೆ ತೆರೆದುಕೊಳ್ಳುತ್ತದೆ. ಶ್ಲೋಕದ ಮೇಲೆ ನನಗೆ ಸಿಟ್ಟಿಲ್ಲ. ತೆರೆದದ್ದು ಮುಚ್ಚುವ ಭಯವೇ ನಿಮ್ಮ ಆರು ಮಂದಿಗೆ ಇಲ್ಲವಲ್ಲ, ಅದು ನನ್ನ ತಕರಾರು. ಊರುಗೋಲು ಮುರಿಯುತ್ತಿರುವ ಸುರಂಗದೊಳಗೆ ಆರು ಮಂದಿ ಎಂದರೆ ನಲವತ್ತು ಪುಟ ಓದಿಸಿಕೊಂಡು ಹೋಗುತ್ತದೆ.

ಇನ್ನು ವಿಮಾನ. ನೀವು ಭರದ್ವಾಜರ ಹೆಸರು ಹೇಳಿದ್ದೀರಿ. ಅವರ ಹೆಸರಿನಲ್ಲಿ ವೈಮಾನಿಕ ಶಾಸ್ತ್ರ ಎಂದು ನಮಗೆ ಸಿಗುವ ಪಠ್ಯವನ್ನು ಹೇಳಿ ಬರೆಯಿಸಿದವರು ಆನೇಕಲ್ಲಿನ ಸುಬ್ಬರಾಯ ಶಾಸ್ತ್ರಿಗಳು. ಅದು 1918ರಿಂದ 1923ರವರೆಗಿನ ಕೆಲಸ. 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ಅದನ್ನು ತಳ್ಳಿಹಾಕದೆ ಸಾಲು ಸಾಲಾಗಿ ಓದಿದರು. ಭಾಷೆ ನೋಡಿದರು, ಚಿತ್ರ ನೋಡಿದರು, ರುಕ್ಮ, ಸುಂದರ, ಶಕುನ, ತ್ರಿಪುರ ಎಂಬ ನಾಲ್ಕೂ ವಿಮಾನಗಳ ತೂಕ, ಗಾಳಿ, ಎತ್ತುವ ಬಲದ ಲೆಕ್ಕ ಹಾಕಿದರು. ಪಠ್ಯ 1904ಕ್ಕಿಂತ ಹಿಂದಿನದಲ್ಲ, ಚಿತ್ರದಲ್ಲಿರುವ ಯಾವುದೂ ಹಾರುವಂಥದ್ದಲ್ಲ ಎಂದು ಬರೆದರು. ಐವರೂ ಕೆಲಸ ಮಾಡುತ್ತಿದ್ದದ್ದು ಆನೇಕಲ್ಲಿನ ಪಕ್ಕದ ಬೆಂಗಳೂರಿನಲ್ಲೇ. ಗುಲಾಮಿ ಬುದ್ಧಿಯ ಆರೋಪ ಅವರಿಗೆ ಅಂಟುವುದು ಕಷ್ಟ. 2015ರ ಜನವರಿಯಲ್ಲಿ ಇದೇ ನಮ್ಮ ಮುಂಬಯಿ ವಿಶ್ವವಿದ್ಯಾಲಯದಲ್ಲಿ ಭಾರತೀಯ ವಿಜ್ಞಾನ ಕಾಂಗ್ರೆಸ್ ಸೇರಿದಾಗ ಪ್ರಾಚೀನ ವಿಮಾನಗಳ ಮೇಲೆ ಒಂದು ಉಪನ್ಯಾಸ ನಡೆದು ದೇಶವೆಲ್ಲ ಗದ್ದಲವಾಯಿತು. ಆ ಗದ್ದಲದಲ್ಲಿ 1974ರ ಆ ಶಾಂತವಾದ ಲೇಖನವನ್ನು ಓದಿದವರು ನನಗೆ ಹೆಚ್ಚು ಸಿಗಲಿಲ್ಲ.

ಹಾಗಾದರೆ ಹಳೆಯ ವಿದ್ಯೆಗೆ ನಿಮ್ಮ ನೌಕೆಯಲ್ಲಿ ಜಾಗವೇ ಇಲ್ಲವೇ? ಇದೆ. ಇಪ್ಪತ್ತೇಳನೆಯ ಪುಟದಲ್ಲಿ ನಿಮ್ಮ ಸಂಪರ್ಕಾಧಿಕಾರಿ ಹುಡುಗಿ ಯಾವ ಕಾರಣವೂ ಇಲ್ಲದೆ ಹಾಡುತ್ತಾಳೆ. ಅವಳಿಗೆ ಒಂದು ಕಾರಣ ಕೊಡೋಣ.

ಕಟಪಯಾದಿ ನಿಮಗೆ ಗೊತ್ತಿರುತ್ತದೆ. ಕಕಾರದಿಂದ ಒಂದು, ಟಕಾರದಿಂದ ಒಂದು, ಪಕಾರದಿಂದ ಒಂದು, ಯಕಾರದಿಂದ ಒಂದು ಎಂದು ಅಕ್ಷರಗಳಿಗೆ ಅಂಕಿ ಕೊಟ್ಟು, ಬಂದ ಅಂಕಿಗಳನ್ನು ತಿರುಗಿಸಿ ಓದುವುದು. ಮಕ್ಕಳಿಗೆ ಸರಳೆ ವರಸೆ ಹೇಳಿಕೊಡುವ ಮಾಯಾಮಾಳವಗೌಳವನ್ನೇ ತೆಗೆದುಕೊಳ್ಳಿ. ‘ಮಾ’ ಎಂದರೆ ಐದು, ‘ಯಾ’ ಎಂದರೆ ಒಂದು, ತಿರುಗಿಸಿದರೆ 15. ಅದು ಕರ್ನಾಟಕ ಸಂಗೀತದ ಹದಿನೈದನೆಯ ಮೇಳ, ಎಂದರೆ ಮೂಲರಾಗ. ಮೇಚಕಲ್ಯಾಣಿ 65, ಧೀರಶಂಕರಾಭರಣ 29. ಮೇಳಗಳು ಒಟ್ಟು 72. ಆ ಲೆಕ್ಕ ಹಾಕಿದವರು 17ನೆಯ ಶತಮಾನದ ವೆಂಕಟಮಖಿ. ಋಷಿಗಳ ಕಾಲದ್ದಲ್ಲ ಎಂದು ಮುಖ ಸಣ್ಣದು ಮಾಡಬೇಡಿ, ಮುನ್ನೂರು ವರ್ಷ ದಾಟಿದ ಸರಕು.

ಈಗ ನೋಡಿ. ಆಕಾಶದಲ್ಲಿ ಒಂದು ಜಾಗವನ್ನು ಗುರುತಿಸಲು ಖಗೋಳಶಾಸ್ತ್ರಜ್ಞರು ಒಂದು ಅಳತೆಯನ್ನು ಗಂಟೆ, ಮಿನಿಟು, ಸೆಕೆಂಡುಗಳಲ್ಲಿ ಹೇಳುತ್ತಾರೆ. ಯಾವುದೂ ಅರವತ್ತನ್ನು ಮುಟ್ಟುವುದಿಲ್ಲ. ಎಂದರೆ ಮೂರು ರಾಗ ಹಾಡಿದರೆ ಒಂದು ಅಳತೆ ಮುಗಿಯಿತು. ಶತ್ರುಗಳು ನಮ್ಮ ಎಲ್ಲ ಗುಪ್ತಲಿಪಿಗಳನ್ನೂ ಒಡೆದಿದ್ದಾರೆ, ರೇಡಿಯೋ ಪೂರ್ತಿ ಕೇಳಿಸಿಕೊಳ್ಳುತ್ತಿದ್ದಾರೆ. ಇವಳು ಹಾಡುವುದನ್ನು ಮಾತ್ರ ಪೂಜೆಯೆಂದು ಬಿಟ್ಟಿದ್ದಾರೆ. ಸೊನ್ನೆಗೆ ಮೇಳವಿಲ್ಲ, ಅಲ್ಲಿ ತಂಬೂರಿ ಮಾತ್ರ ಮಿಡಿಯಲಿ. ಇನ್ನೊಂದು ಅಳತೆ ಡಿಗ್ರಿಗಳದು, ಖಗೋಳದ ನಡುಗೆರೆಯಿಂದ ಧ್ರುವದವರೆಗೆ 90. ಉತ್ತರಕ್ಕೆ ಆರೋಹಣ, ದಕ್ಷಿಣಕ್ಕೆ ಅವರೋಹಣ ಎಂದು ಇಟ್ಟುಕೊಳ್ಳಬಹುದು. ಆದರೆ ರಾಗಗಳು 72ಕ್ಕೆ ಮುಗಿಯುತ್ತವಲ್ಲ! 73ರಿಂದ 90ರವರೆಗೆ ಹದಿನೆಂಟು ಡಿಗ್ರಿಗಳಿಗೆ ಅವಳ ಬಳಿ ಹಾಡಿಲ್ಲ. ಶತ್ರು ಅಡಗಬೇಕಾದದ್ದು ಅಲ್ಲಿ, ಧ್ರುವದ ಸುತ್ತಿನ ಆ ಮೂಕ ಜಾಗದಲ್ಲಿ. ಇದು ನಾನು ಸೆಂಟ್ರಲ್ ರೈಲ್ವೆಯ ಲೋಕಲ್‌ನಲ್ಲಿ ಬಾಗಿಲ ಬಳಿ ನಿಂತು ಹಾಕಿದ ಲೆಕ್ಕ, ತಪ್ಪಿದ್ದರೆ ತಿದ್ದಿ.

ಆಗಲೇ ಋಣ ಶಕ್ತಿಯ ಮಾತು ಬಂತಲ್ಲ, ಅದಕ್ಕೂ ನಮ್ಮವರೊಬ್ಬರಿದ್ದಾರೆ. ರಾಷ್ಟ್ರಕೂಟ ನೃಪತುಂಗನ ಕಾಲದ ಗಣಿತಜ್ಞ ಮಹಾವೀರಾಚಾರ್ಯರು, ಋಣ ಸಂಖ್ಯೆ ಯಾವುದರ ವರ್ಗವೂ ಅಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಬರೆದು ನಿಲ್ಲಿಸಿದರು. ದಾರಿ ಇಲ್ಲಿಗೆ ಮುಗಿಯಿತು ಎಂದು ಹೇಳುವ ಒಂದು ತಾಳೆಗರಿ ನಿಮ್ಮ ಸುಮತಿಯ ಕೈಗೆ ಸಿಕ್ಕಿದ್ದರೆ ನಾನು ಅಷ್ಟು ಬೇಗ ಪೆನ್ಸಿಲ್ ಎತ್ತುತ್ತಿರಲಿಲ್ಲ.

ಇನ್ನೊಂದು ಸಣ್ಣ ಸಂಗತಿ. ಎದುರಿಗಿರುವುದು ವರ್ಮ್‌ಹೋಲೋ, ಬೆಳಕನ್ನೂ ನುಂಗುವ ಕಪ್ಪುಕುಳಿಯೋ (ಬ್ಲ್ಯಾಕ್ ಹೋಲ್) ಎಂದು ಸುಮತಿ ಧ್ಯಾನದಿಂದ ತಿಳಿಯುತ್ತಾಳೆ ಎಂದಿದ್ದೀರಿ. ಕಿವಿಯಿಂದ ತಿಳಿಯಲಿ. ಬೆಂಗಳೂರಿನವರೇ ಆದ ಭೌತವಿಜ್ಞಾನಿ ಸಿ. ವಿ. ವಿಶ್ವೇಶ್ವರ 1970ರಲ್ಲಿ, ಕದಡಿದ ಕಪ್ಪುಕುಳಿ ಬಡಿದ ಗಂಟೆಯಂತೆ ತನ್ನದೇ ಸ್ವರದಲ್ಲಿ ಕಂಪಿಸಿ ಸುಮ್ಮನಾಗುತ್ತದೆ ಎಂದು ತೋರಿಸಿದ್ದರು. ವರ್ಮ್‌ಹೋಲಾದರೆ ಮೊದಲ ನಾದ ಹೆಚ್ಚುಕಡಿಮೆ ಅದೇ ಇರಬಹುದು, ಆದರೆ ಹಿಂದೆಯೇ ಪ್ರತಿಧ್ವನಿ ಬರಬೇಕು ಎಂದು 2016ರಲ್ಲಿ ಕೆಲವು ವಿಜ್ಞಾನಿಗಳು ಲೆಕ್ಕ ಹಾಕಿದರು. ದೇವಸ್ಥಾನದ ಗಂಟೆಗೂ ಘಾಟಿಯ ಸುರಂಗದಲ್ಲಿ ಕೂಗಿದ ಕೂಗಿಗೂ ಇರುವ ವ್ಯತ್ಯಾಸ.

ಇಷ್ಟೆಲ್ಲ ಹೇಳಿದ್ದು ಹತ್ತೊಂಬತ್ತನೆಯ ಪುಟಕ್ಕೆ ಬರುವುದಕ್ಕಾಗಿ.

ಆರು ಮಂದಿಯಲ್ಲಿ ಶೀನ ಎಂಬ ಅಡುಗೆಯವನಿದ್ದಾನೆ. ಕುಂದಾಪುರದ ಕಡೆಯಿಂದ ಹನ್ನೆರಡನೆಯ ವಯಸ್ಸಿನಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ತಟ್ಟೆ ತೊಳೆದು, ರಾತ್ರಿ ಶಾಲೆಯಲ್ಲಿ ಕಲಿತವನು. ನೌಕೆಯಲ್ಲಿ ಅವನಿಗೆ ಇರುವುದು ಎರಡೇ ಪುಟ. ಇಪ್ಪತ್ತೊಂದನೆಯ ಪುಟದಲ್ಲಿ ನೀವು ಅವನನ್ನು ಕೊಂದುಬಿಟ್ಟಿದ್ದೀರಿ, ಅದೂ ಅರ್ಧ ವಾಕ್ಯದಲ್ಲಿ. ಸಾಯುವ ಮೊದಲು ಅವನು ಪಾತ್ರೆಯ ಮುಚ್ಚಳ ತೆಗೆದು, ಬೆರಳಿನಲ್ಲಿ ಒಂದಿಷ್ಟು ಹಿಟ್ಟು ತೆಗೆದು ನಾಲಿಗೆಗೆ ಮುಟ್ಟಿಸಿ, “ಮೇಡಂ, ಗಡಿಯಾರ ಹದಿನಾಲ್ಕು ಗಂಟೆ ಕಳೆಯಿತು ಎನ್ನುತ್ತಿದೆ. ಹಿಟ್ಟು ಇನ್ನೂ ಹುಳಿ ಬಂದಿಲ್ಲ” ಎನ್ನುತ್ತಾನೆ. ಸುಮತಿ ಅವನನ್ನು ಗದರಿ ಕಳುಹಿಸುತ್ತಾಳೆ. ನೀವೂ ಅವನನ್ನು ಅಲ್ಲೇ ಬಿಟ್ಟಿರಿ.

ಮಾನ್ಯರೇ, ಏನು ಬರೆದಿದ್ದೀರಿ ಎಂದು ನಿಮಗೆ ಗೊತ್ತೇ? ವರ್ಮ್‌ಹೋಲಿನ ಎರಡು ಬಾಯಿಗಳಲ್ಲಿ ಒಂದನ್ನು ವೇಗವಾಗಿ ಓಡಿಸಿ ತಂದರೆ ಎರಡೂ ಕಡೆಯ ಕಾಲ ಬೇರೆಯಾಗುತ್ತದೆ ಎಂಬುದೂ 1988ರಲ್ಲೇ ಬಂದ ಲೆಕ್ಕ. ನಿಮ್ಮ ನೌಕೆಯ ಗಡಿಯಾರ ಹೊರಗಿನಿಂದ ಬರುವ ಸಂಕೇತಕ್ಕೆ ತನ್ನನ್ನು ಹೊಂದಿಸಿಕೊಳ್ಳುತ್ತದೆ. ಅದನ್ನು ಹನ್ನೊಂದನೆಯ ಪುಟದಲ್ಲಿ ನೀವೇ ಹೇಳಿದ್ದೀರಿ. ಆ ಸಂಕೇತವನ್ನು ಶತ್ರು ಕೆಡಿಸಬಹುದು. ಹಿಟ್ಟನ್ನು ಹೇಗೆ ಕೆಡಿಸುತ್ತಾನೆ? ಅದು ಯಾರ ಸಂಕೇತಕ್ಕೂ ಕಾಯುವುದಿಲ್ಲ. ಉದ್ದು, ಅಕ್ಕಿ, ಅದರೊಳಗಿನ ಸೂಕ್ಷ್ಮಜೀವಿ, ಶೀನನ ನಾಲಿಗೆ, ಎಲ್ಲವೂ ಇರುವುದು ನೌಕೆಯ ಸ್ವಂತ ಕಾಲದಲ್ಲಿ. ಸುರಂಗದೊಳಗೆ ಎಷ್ಟು ಹೊತ್ತು ಕಳೆಯಿತು ಎಂಬುದನ್ನು ಆರು ಮಂದಿಯಲ್ಲಿ ತಿಳಿದವನು ಅವನೊಬ್ಬನೇ. ನೀವು ಅಜ್ಜಿಯ ಪೆಟ್ಟಿಗೆಯಲ್ಲಿ ಹುಡುಕುತ್ತಿದ್ದ ಹಳೆಯ ವಿದ್ಯೆ ಅಜ್ಜಿಯ ಒರಳಿನಲ್ಲಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಶೀನನನ್ನು ಬದುಕಿಸಿ. ಸನ್ಮಾನ ಸಮಾರಂಭ ತೆಗೆಯಿರಿ. ಪಾದರಸದ ಯಂತ್ರ ಬೇಕೇ ಬೇಕೆಂದಿದ್ದರೆ ಇಡಿ, ಆದರೆ ಅದು ಹಾರದಿರಲಿ; ಸುಮತಿ ಅದನ್ನು ನಂಬಿ ಕೆಡಲಿ, ಆಮೇಲೆ ಅಡುಗೆಮನೆಗೆ ಬರಲಿ. ಹಸ್ತಪ್ರತಿಯನ್ನು ಅಂಚೆಗೆ ಹಾಕಲು ನನಗೆ ಮನಸ್ಸಾಗುತ್ತಿಲ್ಲ, ಒಮ್ಮೆ ನೆನೆದದ್ದು ಸಾಕು. ಮಾಟುಂಗಾ ಕಡೆ ಬಂದಾಗ ಕಚೇರಿಗೆ ಬನ್ನಿ, ಕೆಳಗಿನ ಹೋಟೆಲಿನಲ್ಲಿ ಕೂತು ಮಾತಾಡೋಣ. ಅಳಿಯನನ್ನೂ ಕರೆತನ್ನಿ. ಹತ್ತೊಂಬತ್ತನೆಯ ಪುಟದಲ್ಲಿ ಒಂದೂ ಗೀಚು ಹಾಕಿಲ್ಲ. ಅಂಚಿನಲ್ಲಿ ಒಂದು ಪ್ರಶ್ನೆ ಮಾತ್ರ ಬರೆದಿದ್ದೇನೆ, ಅದಕ್ಕೆ ಉತ್ತರ ಸಿದ್ಧ ಮಾಡಿಕೊಂಡು ಬನ್ನಿ. ಮೇ ತಿಂಗಳ ಡೊಂಬಿವಲಿಯಲ್ಲಿ ಆರು ಗಂಟೆಯೊಳಗೆ ಉಕ್ಕುವ ಹಿಟ್ಟು ಜನವರಿಯ ಪುಣೆಯಲ್ಲಿ ಬೆಳಗಾದರೂ ಏಳುವುದಿಲ್ಲ. ಶೀನನ ಅಡುಗೆಮನೆಯ ಉಷ್ಣಾಂಶ ಎಷ್ಟು?

ಸಂಪಾದಕ