ಅಮೆರಿಕದ ಸ್ಮಾರ್ಟ್ ಥರ್ಮೋಸ್ಟಾಟ್ ನಮ್ಮ ಸ್ಪ್ಲಿಟ್ ಎಸಿಗೆ ಜೋಡಿಸಬಹುದಾ?

ಕೊಪ್ಪಳದಿಂದ ನೀವು ಕೇಳಿದ್ದು ಇಷ್ಟು: ಡಲ್ಲಾಸ್‌ನಲ್ಲಿರುವ ನಿಮ್ಮ ಅಕ್ಕ ಎರಡು ಸ್ಮಾರ್ಟ್ ಥರ್ಮೋಸ್ಟಾಟ್ (ಮನೆಯ ಬಿಸಿ ನೋಡಿ ಎಸಿ, ಹೀಟರ್ ನಡೆಸುವ ಗೋಡೆಯ ಡಬ್ಬಿ) ತಗೊಂಡಿದ್ದಾರೆ, ಒಂದನ್ನು ನಿಮಗೆ ತಂದುಕೊಟ್ಟಿದ್ದಾರೆ. ಅದರ ಹಿಂದೆ ಆರ್, ಸಿ, ವೈ, ಜಿ, ಡಬ್ಲ್ಯೂ ಅಂತ ಅಕ್ಷರಗಳಿವೆ. ಹಾಲ್‌ನ ಸ್ಪ್ಲಿಟ್ ಎಸಿಗೆ ಹಾಕಬೇಕು. ನಿಮ್ಮೂರಿನ ಎಲೆಕ್ಟ್ರಿಷಿಯನ್ "ಆರ್ ಅಂದ್ರೆ ರೆಡ್ಡು, ಅದಕ್ಕೆ ಫೇಸ್ ಕೊಡೋಣ, ಸಿಗೆ ನ್ಯೂಟ್ರಲ್" ಅಂತಿದ್ದಾರೆ. ಅಕ್ಕನ ಮನೆಯಲ್ಲಿ ಗೋಡೆಯೊಳಗೆ ನಾಲ್ಕೇ ವೈರ್ ಇವೆ, ಸಿ ಇಲ್ಲ, ಅಲ್ಲಿ ಏನು ಮಾಡಬೇಕು ಅನ್ನೋದು ಎರಡನೇ ಪ್ರಶ್ನೆ.

ಮೊದಲನೆಯದಕ್ಕೆ ಉತ್ತರ: ದಯವಿಟ್ಟು ಫೇಸ್ ಕೊಡಬೇಡಿ. ನಾಳೆ ಬರ್ತಾರೆ ಅಂದಿದ್ದರೆ ಇವತ್ತೇ ಫೋನ್ ಮಾಡಿ ನಿಲ್ಲಿಸಿ.

ನಾನು ಬಳ್ಳಾರಿಯಲ್ಲಿ ಹದಿನಾಲ್ಕು ವರ್ಷದಿಂದ ಎಸಿ ಕೆಲಸ ಮಾಡುತ್ತಿದ್ದೇನೆ. ಇದೇ ಥರ ಫೇಸ್ ಕೊಟ್ಟ ಮನೆಯೊಂದಕ್ಕೆ ಹೋಗಿದ್ದೆ. ಗೋಡೆಯನ್ನು ನೀಟಾಗಿ ಕೊರೆದು, ಪೈಪ್ ಹಾಕಿ, ಪುಟ್ಟಿ ಹಚ್ಚಿ, ಪ್ಲೇಟ್ ಕೂರಿಸಿದ್ದರು. ಸ್ವಿಚ್ ಹಾಕಿದ ಕೂಡಲೇ ಟಪ್ ಅಂದು ಎಂಸಿಬಿ ಬಿದ್ದಿತ್ತು. ನಾನು ಪ್ಲೇಟ್ ಬಿಚ್ಚಿದಾಗ ಸಿ ಅಕ್ಷರದ ಪಕ್ಕದಲ್ಲಿ ಹುಣಸೆ ಬೀಜದಷ್ಟು ಕಪ್ಪು ಕಲೆ, ಕೈ ಬೆರಳಿಗೆ ಮಸಿ. ಪ್ಲಾಸ್ಟಿಕ್ ಸುಟ್ಟ ವಾಸನೆ ಎರಡು ದಿನವಾದರೂ ಹೋಗಿರಲಿಲ್ಲ. ಅದೇ ಗೋಡೆಗೆ ಒರಗಿಸಿದ್ದ ಮಂಚದ ಮೇಲೆ ಸಣ್ಣ ಮಗು ಮಲಗುತ್ತಿತ್ತು. ಆ ಮಂಚ ಇನ್ನೂ ನನ್ನ ಕಣ್ಣಲ್ಲಿದೆ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಆ ಥರ್ಮೋಸ್ಟಾಟ್ ಡಬ್ಬಿ 24 ವೋಲ್ಟಿನದು. ನಮ್ಮ ಜೆಸ್ಕಾಂ ಕಂಬದಿಂದ ಮನೆಗೆ ಬರೋದು 230. ಅಮೆರಿಕದ ಮನೆಗಳಲ್ಲಿ ಸಾಮಾನ್ಯವಾಗಿ ರೂಮಿಗೊಂದು ಎಸಿ ಇರಲ್ಲ. ಅಟ್ಟದಲ್ಲೋ ಒಂದು ಮೂಲೆಯ ಕೋಣೆಯಲ್ಲೋ ಒಂದು ದೊಡ್ಡ ಯಂತ್ರ, ಅಲ್ಲಿಂದ ಎಲ್ಲಾ ರೂಮಿಗೂ ಡಕ್ಟ್, ಅಂದ್ರೆ ಗಾಳಿಯ ಕೊಳವೆ. ಆ ಯಂತ್ರದೊಳಗೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರ್ ಇರುತ್ತದೆ. ಅದು ಮನೆಯ ಕರೆಂಟನ್ನು 24 ವೋಲ್ಟಿಗೆ ಇಳಿಸುತ್ತದೆ. ಅದರ ಎರಡು ತುದಿಗಳಲ್ಲಿ ಒಂದು ಆರ್, ಇನ್ನೊಂದು ಸಿ. ಗೋಡೆಯ ಥರ್ಮೋಸ್ಟಾಟ್ ಮಾಡುವ ಕೆಲಸ ಬಹಳ ಸಣ್ಣದು: ಆರ್‌ನಲ್ಲಿ ಬಂದ ಕರೆಂಟನ್ನು ಯಾವ ವೈರಿಗೆ ಬಿಡಬೇಕೋ ಅದಕ್ಕೆ ಬಿಡೋದು.

ನಮ್ಮ ಕಡೆ ಕಾಲುವೆ ನೋಡಿದವರಿಗೆ ಇದು ಸುಲಭ. ತುಂಗಭದ್ರಾ ಎಡದಂಡೆ ಕಾಲುವೆ ನಿಮ್ಮ ಜಿಲ್ಲೆಯಲ್ಲೇ ಹರಿಯುತ್ತೆ ಅಲ್ವಾ? ಆರ್ ಅಂದ್ರೆ ಆ ಮುಖ್ಯ ಕಾಲುವೆ. ಥರ್ಮೋಸ್ಟಾಟ್ ಅಂದ್ರೆ ತೂಬು ಎತ್ತುವ ಮನುಷ್ಯ. ವೈ ತೂಬು ಎತ್ತಿದರೆ ಹೊರಗಿನ ಕಂಪ್ರೆಸರ್ ಶುರು. ಜಿ ಎತ್ತಿದರೆ ಒಳಗಿನ ದೊಡ್ಡ ಫ್ಯಾನ್. ಡಬ್ಲ್ಯೂ ಎತ್ತಿದರೆ ಹೀಟರ್. ಅವರಿಗೆ ಚಳಿಗಾಲದಲ್ಲಿ ಅದು ಬೇಕೇ ಬೇಕು. ಒಂದೇ ವ್ಯತ್ಯಾಸ, ನೀರು ಗದ್ದೆಯಲ್ಲಿ ಇಂಗಿದರೆ ಮುಗಿಯಿತು, ಕರೆಂಟು ಹೊರಟ ಜಾಗಕ್ಕೆ ವಾಪಸ್ ಬರಲೇಬೇಕು. ಆ ವಾಪಸ್ ದಾರಿಯೇ ಸಿ. ಕಾಮನ್ ಅನ್ನುವುದರ ಮೊದಲ ಅಕ್ಷರ.

ಇನ್ನು ಬಣ್ಣದ ವಿಷಯ. ನಿಮ್ಮ ಎಲೆಕ್ಟ್ರಿಷಿಯನ್ ತಪ್ಪಿದ್ದು ಇಲ್ಲೇ, ಅವರನ್ನು ಬೈಯಬೇಡಿ. ನಮ್ಮಲ್ಲಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥ್ ಅಂತ ಕೈಗೆ ರೂಢಿಯಾಗಿರುತ್ತದೆ. ಅಲ್ಲಿನ ಥರ್ಮೋಸ್ಟಾಟ್ ಕೇಬಲ್ಲಿನಲ್ಲಿ ಹಸಿರು ವೈರ್ ಫ್ಯಾನಿನದು. ಅದನ್ನು ಅರ್ಥ್ ಅಂತ ತಿಳಿದು ಕೈ ಹಾಕಿದರೆ ಲೆಕ್ಕ ಪೂರ್ತಿ ತಪ್ಪುತ್ತದೆ. ಸಾಮಾನ್ಯವಾಗಿ ಆರ್‌ಗೆ ಕೆಂಪು, ವೈಗೆ ಹಳದಿ, ಜಿಗೆ ಹಸಿರು, ಡಬ್ಲ್ಯೂಗೆ ಬಿಳಿ, ಸಿಗೆ ನೀಲಿ ಹಾಕುತ್ತಾರೆ. ಆದರೆ ಇದು ಬರೀ ರೂಢಿ. ಮೊದಲು ಹಾಕಿದವನ ಹತ್ತಿರ ನೀಲಿ ಇಲ್ಲದಿದ್ದರೆ ಕಪ್ಪನ್ನೇ ಸಿಗೆ ಹಾಕಿರಬಹುದು. ಹಾಗಾಗಿ ಬಣ್ಣ ನಂಬಬೇಡಿ, ವೈರ್ ಯಾವ ಅಕ್ಷರದ ಸ್ಕ್ರೂಗೆ ಹೋಗಿದೆ ಅಂತ ನೋಡಿ. ಯಂತ್ರದ ಬೋರ್ಡಿನಲ್ಲೂ ಅವೇ ಅಕ್ಷರಗಳಿರುತ್ತವೆ, ಎರಡೂ ಕಡೆ ತಾಳೆ ನೋಡಬೇಕು.

ಈಗ ನಿಮ್ಮ ಹಾಲ್‌ಗೆ ಬರೋಣ. ಸ್ಪ್ಲಿಟ್ ಎಸಿಯಲ್ಲಿ ಆರ್, ವೈ, ಜಿ ಅನ್ನುವ ವೈರ್‌ಗಳೇ ಇಲ್ಲ. ಇನ್ವರ್ಟರ್ ಎಸಿಯಾದರೆ (ಕಂಪ್ರೆಸರ್ ವೇಗ ಬದಲಾಗುವಂಥದ್ದು) ಒಳಗಿನ ಯೂನಿಟ್‌ನಿಂದ ಹೊರಗಿನದಕ್ಕೆ ಸಾಮಾನ್ಯವಾಗಿ ಹೋಗೋದು ಫೇಸ್, ನ್ಯೂಟ್ರಲ್, ಅರ್ಥ್, ಜೊತೆಗೆ ಒಂದು ಸಿಗ್ನಲ್ ವೈರ್. ಆ ಸಿಗ್ನಲ್ ವೈರಿನಲ್ಲಿ ಎರಡು ಬೋರ್ಡ್‌ಗಳು ತಮ್ಮದೇ ಭಾಷೆಯಲ್ಲಿ ಮಾತಾಡಿಕೊಳ್ಳುತ್ತವೆ, ಒಂದು ಕಂಪನಿಯದು ಇನ್ನೊಂದಕ್ಕೆ ಅರ್ಥವಾಗಲ್ಲ. ಥರ್ಮೋಸ್ಟಾಟ್ ಕೆಲಸವನ್ನು ಒಳಗಿನ ಬೋರ್ಡೇ ಮಾಡುತ್ತದೆ. ಮುಂದಿನ ಮುಚ್ಚಳ ಎತ್ತಿ ಫಿಲ್ಟರ್ ತೆಗೆದರೆ ಕಾಯಿಲ್‌ನ ಮುಂದೆ ಕ್ಲಿಪ್‌ನಲ್ಲಿ ಸಿಕ್ಕಿಸಿದ ಮಣಿಯಂಥ ಸಣ್ಣ ಸೆನ್ಸರ್ ಕಾಣುತ್ತದೆ. ಅದು ಥರ್ಮಿಸ್ಟರ್. ಬಿಸಿ ಏರಿದಂತೆ ಅದರ ರೆಸಿಸ್ಟೆನ್ಸ್ ಇಳಿಯುತ್ತದೆ, ಬೋರ್ಡ್ ಅದನ್ನು ಓದಿ ಕಂಪ್ರೆಸರ್ ವೇಗ ಹೆಚ್ಚು ಕಡಿಮೆ ಮಾಡುತ್ತದೆ. ಹೊರಗಿನಿಂದ ಇನ್ನೊಂದು ಡಬ್ಬಿ ನುಗ್ಗಿಸಲು ಅಲ್ಲಿ ಜಾಗವೇ ಇಲ್ಲ. "ಕಂಪ್ರೆಸರ್ ಲೈನನ್ನೇ ಥರ್ಮೋಸ್ಟಾಟ್ ಮೂಲಕ ಕೊಟ್ಟರೆ?" ಅಂತ ಕೆಲವರು ಕೇಳುತ್ತಾರೆ. ಒಂದೂವರೆ ಟನ್ ಎಸಿ ಏಳು ಆಂಪಿಯರ್ ಹತ್ತಿರ ಎಳೆಯುತ್ತದೆ. 24 ವೋಲ್ಟಿನ ಸಣ್ಣ ಕರೆಂಟಿಗೆ ಮಾಡಿದ ಡಬ್ಬಿ ಅದನ್ನು ತಡೆಯಲ್ಲ.

ನಿಮಗೆ ಬೇಕಾಗಿರೋದು ಫೋನಿನಿಂದ ಎಸಿ ಹಿಡಿತಕ್ಕೆ ಸಿಗಬೇಕು, ಬಿಲ್ ಇಳಿಯಬೇಕು, ಅಷ್ಟೇ ತಾನೇ? ಅದಕ್ಕೆ ಒಂದು ವೈರೂ ಬಿಚ್ಚಬೇಕಿಲ್ಲ. ವೈಫೈ ಇರುವ ಐಆರ್ ಕಂಟ್ರೋಲರ್ ಸಿಗುತ್ತದೆ, ಅಂಗೈಯಗಲದ ಡಬ್ಬಿ, ಮೊಬೈಲ್ ಚಾರ್ಜರ್‌ನಲ್ಲಿ ನಡೆಯುತ್ತದೆ. ನಿಮ್ಮ ರಿಮೋಟ್ ಕಳಿಸುವ ಸಿಗ್ನಲ್ಲನ್ನೇ ಅದೂ ಕಳಿಸುತ್ತದೆ. ಎಸಿಗೆ ನೇರ ಕಾಣುವ ಜಾಗದಲ್ಲಿ ಇಡಿ. ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ, ರೌಟರ್‌ನಲ್ಲಿ ಅದು ಆನ್ ಇದೆಯಾ ನೋಡಿಕೊಳ್ಳಿ. ಒಂದು ಕೊರತೆ ಇದೆ: ಮನೆಯವರು ಹಳೇ ರಿಮೋಟ್‌ನಿಂದ ಆಫ್ ಮಾಡಿದರೆ ಆ್ಯಪ್‌ಗೆ ಅದು ಗೊತ್ತಾಗದೇ ಇರಬಹುದು. ಸ್ಮಾರ್ಟ್ ಪ್ಲಗ್ ಹಾಕಿ ಎಸಿ ಓಡುತ್ತಿರುವಾಗಲೇ ಕರೆಂಟ್ ಕಡಿಯುವ ಅಭ್ಯಾಸ ಮಾತ್ರ ಬೇಡ. ಕಂಪ್ರೆಸರ್ ನಿಂತ ಮೇಲೆ ಒಳಗಿನ ಗ್ಯಾಸ್ ಒತ್ತಡ ಸಮ ಆಗಲು ಮೂರು ನಿಮಿಷ ಬೇಕು, ಅಷ್ಟರೊಳಗೆ ಮತ್ತೆ ಶುರುವಾದರೆ ಅದಕ್ಕೆ ಭಾರ. ಮೊದಲೇ ನಮ್ಮಲ್ಲಿ ಕರೆಂಟ್ ಹೋಗಿ ಬರೋದು ಜಾಸ್ತಿ.

ಬಿಲ್ಲಿನ ಬಗ್ಗೆ ಎರಡು ಮಾತು. 2020ರ ಜನವರಿ 1ರಿಂದ ಸ್ಟಾರ್ ರೇಟಿಂಗ್ ಇರುವ ರೂಮ್ ಎಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಅನ್ನೋ ನಿಯಮವಿದೆ. ಒಂದೊಂದು ಡಿಗ್ರಿ ಏರಿಸಿದಾಗಲೂ ಸುಮಾರು 6 ಶೇಕಡಾ ಕರೆಂಟ್ ಉಳಿಯುತ್ತದೆ ಅಂತ ಬಿಇಇ (ಸ್ಟಾರ್ ರೇಟಿಂಗ್ ಕೊಡುವ ಕೇಂದ್ರ ಸರ್ಕಾರದ ಸಂಸ್ಥೆ) ಹೇಳುತ್ತದೆ. ಹೊರಗೆ 42 ಇರುವಾಗ ಒಳಗೆ 18 ಇಟ್ಟರೆ ಬೇಗ ತಂಪಾಗುತ್ತೆ ಅಂತ ಸುಮ್ನೆ ಅನ್ನಿಸುತ್ತದೆ. 25 ಇಟ್ಟು ಸೀಲಿಂಗ್ ಫ್ಯಾನ್ ನಿಧಾನಕ್ಕೆ ತಿರುಗಿಸಿ ನೋಡಿ. ಫಿಲ್ಟರ್ ತಿಂಗಳಿಗೆ ಎರಡು ಸಲ ತೊಳೆಯಿರಿ, ನಮ್ಮ ಕಡೆಯ ಧೂಳು ಎಂಥದ್ದು ಅಂತ ನಿಮಗೆ ಹೇಳಬೇಕಿಲ್ಲ.

ಇನ್ನು ಅಕ್ಕನ ಮನೆ. ನಾಲ್ಕು ವೈರ್ ಅಂದರೆ ಬಹುಶಃ ಆರ್, ಡಬ್ಲ್ಯೂ, ವೈ, ಜಿ. ಹಳೇ ಥರ್ಮೋಸ್ಟಾಟ್ ಬರೀ ಸ್ವಿಚ್, ಅದಕ್ಕೆ ತನ್ನದೇ ಕರೆಂಟ್ ಬೇಕಿರಲಿಲ್ಲ, ಅದಕ್ಕೇ ಸಿ ಎಳೆದಿಲ್ಲ. ಹೊಸದಕ್ಕೆ ಸ್ಕ್ರೀನ್ ಇದೆ, ವೈಫೈ ಇದೆ, ದಿನವಿಡೀ ಸ್ವಲ್ಪ ಸ್ವಲ್ಪ ಕುಡಿಯುತ್ತಲೇ ಇರಬೇಕು. ಸಿ ಇಲ್ಲದಿದ್ದರೆ ಕೆಲವು ಮಾಡೆಲ್ ವೈ ವೈರಿನಿಂದಲೇ ಕದ್ದು ಕುಡಿಯುತ್ತವೆ. ಕೆಲವು ಮನೆಗಳಲ್ಲಿ ಅದು ನಡೆದುಹೋಗುತ್ತದೆ, ಕೆಲವು ಕಡೆ ಯಂತ್ರದ ರಿಲೇ (ಕರೆಂಟಿನಿಂದ ನಡೆಯುವ ಸ್ವಿಚ್) ಟಿಕ್ ಟಿಕ್ ಅನ್ನುತ್ತದೆ, ಬ್ಯಾಟರಿ ಇಳಿದು ಡಬ್ಬಿ ಸತ್ತುಹೋಗುತ್ತದೆ.

ನನ್ನ ಗಿರಾಕಿಯೊಬ್ಬರ ಮಗನಿಗೂ ಅಲ್ಲಿ ಇದೇ ಆಗಿತ್ತು. ವಿಡಿಯೋ ಕಾಲ್‌ನಲ್ಲಿ ಪ್ಲೇಟ್ ಬಿಚ್ಚಿಸಿ, "ಕೇಬಲ್ಲನ್ನು ಒಂದು ಬೆರಳಷ್ಟು ಮೆಲ್ಲಗೆ ಹೊರಗೆಳಿ" ಅಂದೆ. ಕಂದು ಸಿಪ್ಪೆಯ ಹಿಂದೆ ಒಂದು ನೀಲಿ ವೈರ್ ಸುತ್ತಿಕೊಂಡು ಕೂತಿತ್ತು, ತುದಿ ಕೂಡ ಸುಲಿದಿರಲಿಲ್ಲ. ಯಂತ್ರದ ಬಳಿಯೂ ಅದರ ಇನ್ನೊಂದು ತುದಿ ಹಾಗೇ ಮಡಚಿಟ್ಟಿತ್ತು. ಬ್ರೇಕರ್ (ನಮ್ಮ ಎಂಸಿಬಿ ಥರದ್ದು) ಇಳಿಸಿ, ಎರಡೂ ಕಡೆ ಸಿಗೆ ಕೂರಿಸಿ, ಮತ್ತೆ ಕರೆಂಟ್ ಕೊಟ್ಟು ಮೀಟರ್ ಹಿಡಿದರೆ ಆರ್ ಮತ್ತು ಸಿ ನಡುವೆ 26 ವೋಲ್ಟ್. ಅವತ್ತಿನಿಂದ ಸರಿಯಾಗಿದೆ. ಅಕ್ಕನಿಗೂ ಮೊದಲು ಇದನ್ನೇ ಹುಡುಕಲು ಹೇಳಿ.

ಐದನೇ ವೈರ್ ಇಲ್ಲವೇ ಇಲ್ಲ ಅಂದರೆ, ಕೆಲವು ಕಂಪನಿಗಳು ಡಬ್ಬಿಯ ಜೊತೆಗೇ ಯಂತ್ರದ ಕಡೆ ಹಾಕುವ ಅಡಾಪ್ಟರ್ ಕೊಡುತ್ತವೆ, ಅದು ಒಳ್ಳೆಯದು. ಇನ್ನೊಂದು ದಾರಿ, ಜಿ ವೈರನ್ನೇ ಎರಡೂ ಕಡೆ ಸಿಗೆ ಬದಲಾಯಿಸಿ, ಯಂತ್ರದ ಬೋರ್ಡಿನಲ್ಲಿ ವೈ ಮತ್ತು ಜಿ ನಡುವೆ ಒಂದು ತುಂಡು ವೈರ್ ಹಾಕೋದು. ಆಗ ಕೂಲಿಂಗ್ ಜೊತೆ ಫ್ಯಾನ್ ತಾನೇ ತಿರುಗುತ್ತದೆ, ಫ್ಯಾನ್ ಒಂದನ್ನೇ ಬೇರೆಯಾಗಿ ಹಾಕಲು ಆಗಲ್ಲ. ಬಿಚ್ಚುವ ಮೊದಲು ಬ್ರೇಕರ್ ಇಳಿಸಲಿ, ಹಳೇ ಡಬ್ಬಿಯ ಅಕ್ಷರಗಳು ಕಾಣುವ ಹಾಗೆ ಫೋಟೋ ತೆಗೆಯಲಿ. ಆರ್ ಮತ್ತು ಸಿ ಒಂದಕ್ಕೊಂದು ತಾಗಿದರೆ ಬೋರ್ಡಿನ ಸಣ್ಣ ಫ್ಯೂಸ್ ಹೋಗುತ್ತದೆ. ಹೀಟ್ ಪಂಪ್ (ಒಂದೇ ಯಂತ್ರ ತಂಪನ್ನೂ ಬಿಸಿಯನ್ನೂ ಕೊಡುವಂಥದ್ದು) ಇರುವ ಮನೆಯಾದರೆ ಓ ಅಥವಾ ಬಿ ಅಂತ ಇನ್ನೊಂದು ವೈರ್ ಇರುತ್ತದೆ, ಅದರ ಸೆಟ್ಟಿಂಗ್ ತಿರುಗುಮುರುಗಾದರೆ ಬಿಸಿ ಕೇಳಿದಾಗ ತಂಪು ಬರುತ್ತದೆ. ಗೋಡೆಯಿಂದ ಎರಡೇ ದಪ್ಪ ವೈರ್ ಬಂದು ಕ್ಯಾಪ್ ಹಾಕಿ ತಿರುಚಿದ್ದರೆ ಅಲ್ಲಿಗೇ ನಿಲ್ಲಿಸಲಿ. ಅದು 120 ಅಥವಾ 240 ವೋಲ್ಟಿನ ಹೀಟರ್ ಲೈನ್ ಇರಬಹುದು, ಈ ಡಬ್ಬಿ ಅದಕ್ಕೆ ಆಗಲ್ಲ.

ನಿಮ್ಮ ಹತ್ತಿರ ಇರುವುದನ್ನು ಪೆಟ್ಟಿಗೆಯಲ್ಲೇ ಇಟ್ಟು ಅಕ್ಕನಿಗೆ ವಾಪಸ್ ಕೊಡಿ. ಎರಡು ಮಹಡಿಯ ಮನೆಯಾದರೆ ಅಲ್ಲಿ ಎರಡು ಥರ್ಮೋಸ್ಟಾಟ್ ಇರುವುದುಂಟು, ಮೇಲಿನದಕ್ಕೆ ಉಪಯೋಗವಾಗಬಹುದು. ಅವರ ಹಳೇ ಡಬ್ಬಿಯ ಫೋಟೋ ಮತ್ತು ನಿಮ್ಮ ಹಾಲ್‌ನ ಎಸಿ ಪಕ್ಕದಲ್ಲಿ ಅಂಟಿಸಿರುವ ಮಾಡೆಲ್ ಸ್ಟಿಕ್ಕರ್‌ನ ಫೋಟೋ ಇಲ್ಲೇ ಕೆಳಗೆ ಹಾಕಿ. ಅಕ್ಕನಿಗೆ ಯಾವ ವೈರ್ ಎಲ್ಲಿಗೆ, ನಿಮಗೆ ಯಾವ ಐಆರ್ ಕಂಟ್ರೋಲರ್ ಹೊಂದುತ್ತದೆ ಅಂತ ನೋಡಿ ಹೇಳುತ್ತೇನೆ.