ತೋಟದ ಮನೆಗೆ ನಾಯಿಮರಿ: ಮೊದಲು ಶೆಡ್, ಬಾವಿ ನೋಡಿ

ಅಕ್ಕಾ, ಬದಿಯಡ್ಕದ ಅಡಿಕೆ ತೋಟದ ಮನೆಗೆ ಈ ಮಳೆಗಾಲದಲ್ಲಿ ಎರಡು ತಿಂಗಳ ಮರಿ ತರ್ತೀರಿ, ಏನೇನು ಸಿದ್ಧ ಮಾಡಬೇಕು ಅಂತ ಕೇಳಿದ್ದೀರಿ.

ಹಾಸಿಗೆ, ಬಟ್ಟಲು ಆಮೇಲೆ ನೋಡಿದರೂ ಆಯ್ತು. ಮೊದಲು ಶೆಡ್ ನೋಡಿ. ಅಡಿಕೆಗೆ ಔಷಧಿ ಸಿಂಪಡಿಸುವ ಕಾಲ ಇದು. ಮೈಲುತುತ್ತು, ಸುಣ್ಣ, ಅವೆರಡನ್ನೂ ಕಲಸಿ ಮಾಡಿದ ಬೋರ್ಡೋ ದ್ರಾವಣ ಉಳಿದ ಡ್ರಮ್ಮು ಎಲ್ಲ ಕೆಳಗೇ ಇರುತ್ತದೆ ಅಲ್ವಾ? ಮರಿ ಕಂಡದ್ದನ್ನೆಲ್ಲ ನೆಕ್ಕುತ್ತದೆ, ಮೈಲುತುತ್ತು ಅದಕ್ಕೆ ವಿಷ. ಎತ್ತರಕ್ಕೆ ಇಡಿ, ಬೀಗ ಹಾಕಿ. ಇಲಿಪಾಷಾಣವನ್ನಂತೂ ಮನೆಯಲ್ಲೇ ಇಡಬೇಡಿ. ಬಾವಿಗೆ ಕಟ್ಟೆ ಇಲ್ಲದಿದ್ದರೆ ಸುತ್ತ ಬಲೆ ಕಟ್ಟಿಸಿ, ತೋಟದ ಕೆರೆಗೂ ಅಷ್ಟೇ.

ಲಸಿಕೆ ಮುಗಿಯುವ ತನಕ ಬೀದಿನಾಯಿ ಓಡಾಡುವ ಜಾಗದಲ್ಲಿ ಬಿಡಬೇಡಿ. ಪಾರ್ವೊ ಅಂತ ವಾಂತಿ-ಭೇದಿಯ ವೈರಸ್ ರೋಗ ಬಂದರೆ ಮರಿ ಉಳಿಯುವುದು ಕಷ್ಟ. ಲಸಿಕೆ 6ರಿಂದ 8 ವಾರಕ್ಕೆ ಶುರು, ಆಮೇಲೆ 3-4 ವಾರಕ್ಕೊಮ್ಮೆ, ಕೊನೆಯದು 16 ವಾರ ತುಂಬಿದ ಮೇಲೆ. ರೇಬಿಸ್ ಲಸಿಕೆ ಮೂರು ತಿಂಗಳಿಗೆ. ನಮ್ಮ ಮಳೆಗೆ ಇಲಿಜ್ವರದ ಭಯವೂ ಇದೆ, ಪಶುವೈದ್ಯರ ಹತ್ತಿರ ಅದನ್ನೂ ಸೇರಿಸಲು ಕೇಳಿ.

ಪ್ರೀತಿಯಿಂದ ದನದ ಹಾಲು ಜಾಸ್ತಿ ಹಾಕಬೇಡಿ, ಭೇದಿ ಆಗುತ್ತದೆ. ನೀರುಳ್ಳಿ, ದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಮಕ್ಕಳಿಗೆ ಈಗಲೇ ಹೇಳಿಡಿ. ಮೊದಲ ಕೆಲವು ರಾತ್ರಿ ಅಳುತ್ತದೆ ಪಾಪ, ಜಗಲಿಯಲ್ಲಿ ಒಂಟಿ ಬಿಡದೆ ನೀವು ಮಲಗುವ ಕೋಣೆಯಲ್ಲೇ ಮಲಗಿಸಿ.